ಕಾರು ಕಂಡರೆ ಮಂಚದ ಕೆಳಗೆ ಸೇರುವ ಗುಂಡ, ಅವನಿಲ್ಲದೆ ಹೊರಡಲ್ಲ ಅನ್ನುವ ಮಕ್ಕಳು

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ವರ್ಷದ ನಾಯಿ ಗುಂಡ (22 ಕೆಜಿ) ಮತ್ತು ಐದು ವರ್ಷದ ಗಂಡು ಬೆಕ್ಕು ಚಿಂಟು ಇದ್ದಾರೆ. ತಿಂಗಳಿಗೆ ಒಂದೆರಡು ಸಲ ಶನಿವಾರ ಹೊರಟು ಎಲ್ಲಾದರೂ ಸುತ್ತಾಡಿ ಭಾನುವಾರ ರಾತ್ರಿ ಬರುತ್ತೇವೆ. ಗುಂಡ ಮರಿಯಾಗಿದ್ದಾಗಿನಿಂದ ಕಾರಲ್ಲಿ ವಾಂತಿ ಮಾಡುತ್ತಿದ್ದ. ಈಗ ಕಾರಿನ ಕೀ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಹೋಗಿ ಕೂರುತ್ತಾನೆ. "ನಾಲ್ಕು ಸಲ ಎತ್ತಿ ಕೂರಿಸಿದರೆ ತಾನೇ ಅಭ್ಯಾಸ ಆಗುತ್ತೆ" ಅನ್ನುತ್ತಾರೆ ನಮ್ಮವರು. ಗುಂಡ ಇಲ್ಲದೆ ನಾವೂ ಬರಲ್ಲ ಅಂತ ಮಕ್ಕಳು (9 ಮತ್ತು 6 ವರ್ಷ) ಅಳುತ್ತಾರೆ. ಏನು ಮಾಡಲಿ ಡಾಕ್ಟ್ರೇ? ಚಿಂಟುಗೆ ಎರಡು ದಿನದ ಊಟ, ನೀರು ಇಟ್ಟು ಬಾಗಿಲು ಹಾಕಿಕೊಂಡು ಹೋಗುತ್ತೇವೆ. ಅದು ಸರಿಯಾ?

ಉತ್ತರ: ಬೇರೆ ಎಲ್ಲ ವಿಚಾರ ಆಮೇಲೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗುಂಡನನ್ನು ಎತ್ತಿ ಕಾರಲ್ಲಿ ಕೂರಿಸುವುದನ್ನು ಇವತ್ತೇ ನಿಲ್ಲಿಸಿ. ಈ ಶನಿವಾರವೂ ಬೇಡ, ಮುಂದಿನ ಶನಿವಾರವೂ ಬೇಡ. ಇನ್ನು ಒಂದೆರಡು ತಿಂಗಳು ಅವನ ಮಟ್ಟಿಗೆ ಕಾರು ನಿಂತೇ ಇರುವ ವಸ್ತು ಅಂದುಕೊಳ್ಳಿ. ನೀವು ನಾಲ್ವರು ಧಾರಾಳವಾಗಿ ಹೋಗಿ ಬನ್ನಿ. ಅವನನ್ನು ಬಿಟ್ಟು ಹೋದೆವಲ್ಲ ಅಂತ ನಿಮಗೆ ಹೊಟ್ಟೆ ಚುರುಕ್ ಅನ್ನಬಹುದು. ಆದರೆ ಹೊಟ್ಟೆ ತೊಳಸುತ್ತಾ ಮೂರು ಗಂಟೆ ಕಾರಲ್ಲಿ ನಡುಗುತ್ತಾ ಕೂರುವುದಕ್ಕಿಂತ, ಗೊತ್ತಿರುವ ಮನೆಯಲ್ಲಿ ಗೊತ್ತಿರುವವರ ಜೊತೆ ಎರಡು ದಿನ ಇರುವುದು ಅವನಿಗೆ ಎಷ್ಟೋ ಸುಖ.

ನಿಮ್ಮವರ ಮಾತಿಗೂ ಉತ್ತರ ಕೊಡಲೇಬೇಕು. ತುಂಬಾ ಮನೆಗಳಲ್ಲಿ ಹೀಗೇ ನಂಬಿಕೊಂಡಿರುತ್ತಾರೆ, ನಾಯಿ ಮೇಲೆ ಪ್ರೀತಿ ಇರುವವರೇ ನಂಬಿಕೊಂಡಿರುತ್ತಾರೆ. ಹೆದರಿಕೆ ಅಭ್ಯಾಸದಿಂದ ಹೋಗುತ್ತದೆ ಅನ್ನುವುದು ನಿಜ. ಆದರೆ ಅದು ಯಾವಾಗ? ಹೆದರಿದ ವಸ್ತುವಿನಿಂದ ಕೆಟ್ಟದ್ದೇನೂ ಆಗದೆ ಇದ್ದಾಗ. ಮರಿಯೊಂದು ವಾಷಿಂಗ್ ಮಷೀನ್ ಸದ್ದಿಗೆ ಬೆಚ್ಚುತ್ತದೆ. ಹತ್ತು ದಿನ ಆ ಸದ್ದಿನಿಂದ ಏನೂ ಆಗಲಿಲ್ಲ ಅಂದರೆ ಹನ್ನೊಂದನೇ ದಿನ ಅದರ ಪಕ್ಕದಲ್ಲೇ ಮಲಗುತ್ತದೆ. ಗುಂಡನಿಗೆ ಕಾರಲ್ಲಿ ಪ್ರತಿ ಸಲವೂ ಕೆಟ್ಟದ್ದೇ ಆಗಿದೆ. ಕೂತ, ಹೊಟ್ಟೆ ತೊಳಸಿತು, ವಾಂತಿ ಆಯಿತು. ಮತ್ತೆ ಕೂತ, ಮತ್ತೆ ಅದೇ. ಐದನೇ ಸಲ ಎತ್ತಿ ಕೂರಿಸಿದರೆ ಅವನು ಕಲಿಯುವುದು "ಕಾರು ಒಳ್ಳೆಯದು" ಅಂತ ಅಲ್ಲ, "ಇವರು ಹತ್ತಿರ ಬಂದರೆ ಓಡಬೇಕು" ಅಂತ. ಕೀ ಸದ್ದಿಗೇ ಮಂಚದ ಕೆಳಗೆ ಹೋಗುತ್ತಿದ್ದಾನೆ ಅಂದರೆ ಆ ಪಾಠ ಈಗಾಗಲೇ ಶುರುವಾಗಿದೆ.

ಇದೆಲ್ಲ ಶುರುವಾಗಿದ್ದು ಕಿವಿಯಿಂದ. ನಮ್ಮ ಹಾಗೆಯೇ ನಾಯಿಗಳಿಗೂ ಕಿವಿಯ ಒಳಗೆ ಮೈಯ ಸಮತೋಲನ ನೋಡಿಕೊಳ್ಳುವ ಪುಟ್ಟ ಅಂಗ ಇದೆ. ಕಾರು ತಿರುಗಿದಾಗ, ಬ್ರೇಕ್ ಹಾಕಿದಾಗ ಆ ಅಂಗ "ಚಲಿಸುತ್ತಿದ್ದೇವೆ" ಅನ್ನುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಮುಂದಿನ ಸೀಟಿನ ಬೆನ್ನು, ಅದು ಅಲ್ಲಾಡುತ್ತಿಲ್ಲ. ಎರಡೂ ತಾಳೆ ಆಗದೆ ಮೆದುಳು ಗೊಂದಲಕ್ಕೆ ಬೀಳುತ್ತದೆ, ಹೊಟ್ಟೆ ತೊಳಸುತ್ತದೆ. ಮರಿಗಳಲ್ಲಿ ಈ ಅಂಗ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಅದಕ್ಕೇ ಮರಿಗಳು ಜಾಸ್ತಿ ವಾಂತಿ ಮಾಡುತ್ತವೆ. ಹೆಚ್ಚಿನವು ಒಂದು ವರ್ಷದ ಹೊತ್ತಿಗೆ ಸರಿಹೋಗುತ್ತವೆ.

ಗುಂಡನಿಗೆ ಈಗ ಎರಡು ವರ್ಷ. ಕಿವಿ ಸರಿಹೋಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೆ ನೆನಪು ಹೋಗಿಲ್ಲ. ಮನುಷ್ಯರಲ್ಲೂ ಇದನ್ನು ನೋಡುತ್ತೇವೆ. ಕ್ಯಾನ್ಸರಿಗೆ ಕೀಮೋಥೆರಪಿ ತೆಗೆದುಕೊಳ್ಳುವ ಕೆಲವರಿಗೆ ಕೆಲವು ಸುತ್ತು ಆದ ಮೇಲೆ, ಔಷಧಿ ಮೈಗೆ ಹೋಗುವ ಮೊದಲೇ, ಆಸ್ಪತ್ರೆಯ ವಾಸನೆಗೇ ವಾಕರಿಕೆ ಬರುತ್ತದೆ. ಅವರು ನಾಟಕ ಮಾಡುತ್ತಿಲ್ಲ, ಅವರ ಮೈ ಅದನ್ನು ಕಲಿತುಬಿಟ್ಟಿದೆ. ಗುಂಡನೂ ನಾಟಕ ಮಾಡುತ್ತಿಲ್ಲ. ದಯವಿಟ್ಟು ಇದನ್ನು ಮಕ್ಕಳಿಗೂ ಹೇಳಿ.

ಈಗ ನೀವು ಒಂದು ಪರೀಕ್ಷೆ ಮಾಡಬೇಕು. ನಿಂತ ಕಾರಿನ ಹತ್ತಿರ, ಎಂಜಿನ್ ಆಫ್ ಇರುವಾಗ, ಚೈನು ಸಡಿಲವಾಗಿ ಹಿಡಿದು ಅವನ ಜೊತೆ ಸುಮ್ನೆ ಅಡ್ಡಾಡಿ. ಎಳೆಯಬೇಡಿ. ಅವನ ಬಾಯಿ ನೋಡಿ. ತುಟಿ ನೆಕ್ಕಿಕೊಳ್ಳುತ್ತಾನಾ? ನಿದ್ದೆ ಬರದಿದ್ದರೂ ಆಕಳಿಸುತ್ತಾನಾ? ಜೊಲ್ಲು ಸುರಿಯುತ್ತಾ? ಬಾಲ ಹೊಟ್ಟೆ ಕೆಳಗೆ ಸೇರಿಕೊಂಡಿದೆಯಾ, ಕಿವಿ ಹಿಂದಕ್ಕೆ ಮಲಗಿದೆಯಾ? ಕಾರು ಒಂದಿಂಚೂ ಕದಲದೆ ಇವೆಲ್ಲ ಕಂಡರೆ ಅದು ಹೆದರಿಕೆ. ಆರಾಮಾಗಿ ಹತ್ತಿ ಕೂತು, ಹತ್ತು ಹದಿನೈದು ನಿಮಿಷ ಕಾರು ಓಡಿದ ಮೇಲೆ ಮಾತ್ರ ಜೊಲ್ಲು ಶುರುವಾಗುವ ನಾಯಿಯದ್ದು ಬರೀ ಹೊಟ್ಟೆಯ ತೊಂದರೆ. ನಿಮ್ಮ ಪತ್ರ ನೋಡಿದರೆ ಗುಂಡನಿಗೆ ಹೆದರಿಕೆ ಇರುವುದು ಖಚಿತ, ಹೊಟ್ಟೆ ತೊಳಸುವುದು ಇನ್ನೂ ಉಳಿದಿರಬಹುದು. ಎರಡಕ್ಕೂ ಮದ್ದು ಬೇರೆ ಬೇರೆ. ಒಂದನ್ನೇ ನೋಡಿಕೊಂಡು ಇನ್ನೊಂದನ್ನು ಬಿಟ್ಟರೆ ತಿಂಗಳುಗಟ್ಟಲೆ ಕಷ್ಟಪಟ್ಟರೂ ಪ್ರಯೋಜನ ಕಾಣಲ್ಲ.

ಅದಕ್ಕೇ ತರಬೇತಿ ಶುರು ಮಾಡುವ ಮೊದಲು ಒಮ್ಮೆ ನಿಮ್ಮ ಪಶುವೈದ್ಯರಿಗೆ ತೋರಿಸಿ. ಕಾರಲ್ಲಿ ಕರೆದುಕೊಂಡು ಹೋಗುವುದೇ ಕಷ್ಟ ಅಂದರೆ ಅವರನ್ನೇ ಮನೆಗೆ ಬರಲು ಕೇಳಿ. ಕಿವಿಯಲ್ಲಿ ಸೋಂಕು ಇದೆಯಾ, ಸೊಂಟ ಅಥವಾ ಬೆನ್ನಲ್ಲಿ ನೋವಿದೆಯಾ ಅಂತ ನೋಡಬೇಕು. ಕಾರಿಗೆ ಹಾರಲು ಹಿಂಜರಿಯುವ ನಾಯಿಗಳಲ್ಲಿ ಕೆಲವಕ್ಕೆ ಸೊಂಟದ ಕೀಲು ನೋಯುತ್ತಿರುತ್ತದೆ, ಮನೆಯವರು ಹೆದರಿಕೆ ಅಂದುಕೊಂಡಿರುತ್ತಾರೆ. ಕುತ್ತಿಗೆ ಸ್ವಲ್ಪ ವಾರೆ ಮಾಡಿಕೊಂಡು ನಡೆಯುವುದು, ಪದೇ ಪದೇ ತಲೆ ಒದರುವುದು, ಕಿವಿ ಕೆರೆಯುವುದು ಇದ್ದರೆ ಅದನ್ನೂ ಹೇಳಿ.

ಔಷಧಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಲ್ಲಿ ತಪ್ಪುಗಳು ಜಾಸ್ತಿ. ನಾಯಿಗಳ ಪ್ರಯಾಣದ ವಾಂತಿಗೆ ಮಾರೋಪಿಟಂಟ್ ಅನ್ನುವ ಮಾತ್ರೆ ಇದೆ. ಮೆದುಳಿನಲ್ಲಿ ವಾಂತಿಗೆ ಆಜ್ಞೆ ಕೊಡುವ ಜಾಗದಲ್ಲೇ ಅದು ಕೆಲಸ ಮಾಡುತ್ತದೆ, ನಿದ್ದೆ ಬರಿಸುವ ಮಾತ್ರೆ ಅಲ್ಲ. ಹೊರಡುವ ಎರಡು ಗಂಟೆ ಮೊದಲು, ಒಂದು ತುತ್ತು ಆಹಾರದ ಜೊತೆ ಕೊಡಬೇಕು. ಬೇರೆ ಕಾರಣದ ವಾಂತಿಗೆ ಕೊಡುವ ಪ್ರಮಾಣಕ್ಕೂ ಪ್ರಯಾಣದ ವಾಂತಿಗೆ ಕೊಡುವ ಪ್ರಮಾಣಕ್ಕೂ ಸುಮಾರು ನಾಲ್ಕು ಪಟ್ಟು ವ್ಯತ್ಯಾಸ ಇದೆ. ಹಾಗಾಗಿ ಹಳೇ ಚೀಟಿ ನೋಡಿ, ಪಕ್ಕದ ಮನೆ ನಾಯಿಗೆ ಕೊಟ್ಟಿದ್ದನ್ನು ನೋಡಿ ಕೊಡಬೇಡಿ. ತೂಕ ನೋಡಿ ವೈದ್ಯರೇ ಬರೆದುಕೊಡಲಿ. ಇನ್ನೊಂದು ವಿಷಯ, ಈ ಮಾತ್ರೆ ವಾಂತಿಯನ್ನು ಚೆನ್ನಾಗಿ ತಡೆಯುತ್ತದೆ, ಹೊಟ್ಟೆ ತೊಳಸುವುದನ್ನು ಅಷ್ಟು ಚೆನ್ನಾಗಿ ತಡೆಯಲ್ಲ. ವಾಂತಿ ಆಗಲಿಲ್ಲ ಅಂದಮಾತ್ರಕ್ಕೆ ಅವನು ಆರಾಮಾಗಿದ್ದಾನೆ ಅಂದುಕೊಳ್ಳಬೇಡಿ, ಜೊಲ್ಲು ಮತ್ತು ತುಟಿ ನೆಕ್ಕುವುದನ್ನು ನೋಡುತ್ತಲೇ ಇರಿ.

ಹೆದರಿಕೆಗೆ ಬೇರೆ ಔಷಧಿಗಳಿವೆ, ಟ್ರಾಜೊಡೋನ್, ಗ್ಯಾಬಪೆಂಟಿನ್ ಥರದವು. ನಾಯಿಯ ಆರೋಗ್ಯ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಮೊದಲ ಸಲ ಮನೆಯಲ್ಲೇ ಕೊಟ್ಟು ಅವನಿಗೆ ಹೇಗೆ ಒಗ್ಗುತ್ತದೆ ಅಂತ ನೋಡಬೇಕು, ಪ್ರಯಾಣದ ದಿನ ಮೊದಲ ಸಲ ಕೊಡಬಾರದು. ಬರೀ ಮಂಪರು ಬರಿಸಿ ಮಲಗಿಸುವ ಅಸೆಪ್ರೊಮಜಿನ್ ಅನ್ನುವ ಹಳೇ ಔಷಧಿಯೊಂದಿದೆ. ಅದೊಂದನ್ನೇ ಕೊಟ್ಟರೆ ಮೈ ಸುಮ್ಮನಾಗುತ್ತದೆ, ಹೆದರಿಕೆ ಒಳಗೆ ಹಾಗೇ ಇರುತ್ತದೆ. ಓಡಲೂ ಆಗದೆ, ಹೆದರಿಕೆಯೂ ಹೋಗದೆ ಮಲಗಿರುವ ನಾಯಿಯನ್ನು ನೆನೆಸಿಕೊಳ್ಳಿ. ಹೆದರಿಕೆಗೆ ಅದೊಂದೇ ಔಷಧಿ ಕೊಡುವುದು ನನಗೆ ಒಪ್ಪಿಗೆ ಇಲ್ಲ. ಮನುಷ್ಯರ ಮಾತ್ರೆಗಳಂತೂ ಬೇಡವೇ ಬೇಡ. ನಮಗೆ ಸಾಧಾರಣ ಅನ್ನಿಸುವ ಐಬುಪ್ರೊಫೇನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ, ಒಂದೇ ಒಂದು ಪ್ಯಾರಸಿಟಮಾಲ್ ಬೆಕ್ಕಿನ ಜೀವ ತೆಗೆಯಬಹುದು.

ಇನ್ನು ತರಬೇತಿ. ಎಲ್ಲರೂ ಅವಸರ ಮಾಡುವುದು ಇಲ್ಲೇ.

ಮೊದಲು ಕಾರನ್ನು ತೊಳೆಯಿರಿ. ಹಳೇ ವಾಂತಿಯ ವಾಸನೆ ನಿಮಗೆ ಬರದಿದ್ದರೂ ಅವನಿಗೆ ಬರುತ್ತದೆ. ಸೋಪಿನ ನೀರು ಸಾಕಾಗಲ್ಲ, ಸಾಕುಪ್ರಾಣಿಗಳ ಕಲೆಗೆಂದೇ ಸಿಗುವ ಎಂಜೈಮ್ ಇರುವ ಕ್ಲೀನರ್ ಹಾಕಿ ಸೀಟು, ಮ್ಯಾಟು ಎರಡನ್ನೂ ಉಜ್ಜಿ. ಘಮಘಮ ಅನ್ನುವ ಕಾರ್ ಪರ್ಫ್ಯೂಮ್ ಇದ್ದರೆ ತೆಗೆದುಬಿಡಿ, ಹೊಟ್ಟೆ ತೊಳಸುವವರಿಗೆ ಅದು ಇನ್ನೂ ಹಿಂಸೆ. ಅವನು ಮಲಗುವ ಹಾಸಿಗೆಯ ಮೇಲಿನ ಬಟ್ಟೆಯನ್ನು ತಂದು ಸೀಟಿಗೆ ಹಾಸಿ. ಇಲ್ಲಿವರೆಗೆ ಎಡಗಡೆ ಬಾಗಿಲಿಂದ ಹತ್ತಿಸುತ್ತಿದ್ದರೆ ಇನ್ನು ಬಲಗಡೆಯಿಂದ. ಹಳೇ ನೆನಪನ್ನು ಎಬ್ಬಿಸುವ ವಸ್ತುಗಳು ಎಷ್ಟು ಕಡಿಮೆ ಆದರೆ ಅಷ್ಟು ಒಳ್ಳೆಯದು.

ಆಮೇಲೆ ಕೀ. ದಿನಕ್ಕೆ ಹತ್ತು ಸಲ ಕೀ ಎತ್ತಿ ಸದ್ದು ಮಾಡಿ, ಅವನಿಗೆ ಪ್ರಾಣವೆನಿಸುವ ತಿಂಡಿಯ ಚೂರು ಕೊಡಿ, ಕೀಯನ್ನು ಮತ್ತೆ ಅಲ್ಲೇ ಇಡಿ. ಎಲ್ಲಿಗೂ ಹೋಗಬೇಡಿ. ಮೊದಮೊದಲು ಅವನು ಮಂಚದ ಕೆಳಗೇ ಇರಬಹುದು, ಪರವಾಗಿಲ್ಲ, ಚೂರನ್ನು ಅಲ್ಲಿಗೇ ಉರುಳಿಸಿ. ಕೆಲವು ದಿನ ಆದ ಮೇಲೆ ಸದ್ದು ಕೇಳಿದೊಡನೆ ತಲೆ ಎತ್ತಿ ನಿಮ್ಮ ಕೈ ನೋಡುತ್ತಾನೆ. ಆವಾಗ ಮೊದಲ ಗಂಟು ಬಿಚ್ಚಿತು ಅಂತ ಅರ್ಥ.

ಮುಂದೆ ಕಾರಿನ ಹತ್ತಿರ ಹೋಗಬೇಕು. ಎಷ್ಟು ಹತ್ತಿರ ಅಂತ ಹೇಗೆ ಗೊತ್ತಾಗುತ್ತದೆ? ತಿಂಡಿಯೇ ಹೇಳುತ್ತದೆ. ಇಷ್ಟದ ತಿಂಡಿ ಕೊಟ್ಟರೂ ಮುಖ ತಿರುಗಿಸಿದ ಅಂದರೆ ತುಂಬಾ ಹತ್ತಿರ ಬಂದಿದ್ದೀರಿ, ಕಸಿದು ತಿಂದರೂ ಅಷ್ಟೇ, ಒಳಗೆ ಗಾಬರಿ ಇದೆ. ಐದು ಹೆಜ್ಜೆ ಹಿಂದೆ ಬನ್ನಿ. ಮೆತ್ತಗೆ, ಎಂದಿನ ಹಾಗೆ ತಿನ್ನುವ ಜಾಗ ಸಿಗುವವರೆಗೆ ಹಿಂದೆ ಬನ್ನಿ. ಅಲ್ಲಿಂದ ಶುರು. ದಿನಕ್ಕೆ ಎರಡು ಸಲ, ಐದೈದು ನಿಮಿಷ, ಅಷ್ಟೇ ಸಾಕು. ಅವನ ಊಟದ ಬಟ್ಟಲನ್ನೇ ಅಲ್ಲಿ ಇಡಬಹುದು. ಎರಡು ಮೂರು ದಿನಕ್ಕೊಮ್ಮೆ ಬಟ್ಟಲು ಒಂದು ಹೆಜ್ಜೆ ಮುಂದಕ್ಕೆ ಹೋಗಲಿ.

ಕಾರಿನ ಪಕ್ಕದಲ್ಲೇ ನಿಂತು ಬಾಲ ಸಡಿಲ ಬಿಟ್ಟು ತಿನ್ನುತ್ತಿದ್ದಾನೆ ಅಂದಾಗ ಎರಡೂ ಕಡೆಯ ಬಾಗಿಲು ತೆರೆದಿಡಿ. ಎರಡೂ ಕಡೆ ಯಾಕೆ ಅಂದರೆ ಇನ್ನೊಂದು ಕಡೆಯಿಂದ ಇಳಿದು ಹೋಗಬಹುದು ಅಂತ ಅವನಿಗೆ ಕಾಣಬೇಕು. ಸಿಕ್ಕಿಹಾಕಿಕೊಳ್ಳುತ್ತೇನೆ ಅನ್ನುವ ಭಯ ಇಲ್ಲದಿದ್ದರೆ ಹತ್ತುವ ಧೈರ್ಯ ಬೇಗ ಬರುತ್ತದೆ. ಒಳಗೆ ತಿಂಡಿ ಇಟ್ಟು ನೀವು ಸುಮ್ಮನಿರಿ. ಕರೆಯಬೇಡಿ, ಹಿಂದಿನಿಂದ ತಳ್ಳಬೇಡಿ. ಮುಂಗಾಲು ಇಟ್ಟು ತಿಂದು ಇಳಿದರೆ ಅವತ್ತಿಗೆ ಅದೇ ಸಾಕು. ಹತ್ತಿ ಕೂರುವುದಕ್ಕೆ ಒಂದು ವಾರ ಆಗಬಹುದು, ಮೂರು ವಾರ ಆಗಬಹುದು. ಎಂಜಿನ್ ಆಫ್ ಇರುವ ಕಾರಲ್ಲಿ ಅವನು ಕಾಲು ಚಾಚಿ ಮಲಗುವಂತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಅಲ್ಲಿಂದ ಬಾಗಿಲು ಹಾಕುವುದು, ಎಂಜಿನ್ ಸ್ಟಾರ್ಟ್ ಮಾಡಿ ಅರ್ಧ ನಿಮಿಷಕ್ಕೆ ಆಫ್ ಮಾಡುವುದು, ಎರಡು ಮೀಟರ್ ಹಿಂದೆ ಮುಂದೆ ಮಾಡುವುದು, ರಸ್ತೆಯ ತುದಿವರೆಗೆ ಹೋಗಿ ಬರುವುದು, ಹೀಗೆ. ಒಂದೊಂದು ಹೊಸ ಹೆಜ್ಜೆಗೂ ಕೆಲವು ದಿನ ಕೊಡಿ. ಒಬ್ಬರು ಓಡಿಸಲಿ, ಒಬ್ಬರು ಅವನ ಪಕ್ಕ ಕೂರಲಿ. ಮೊದಲ ಹತ್ತಾರು ಪ್ರಯಾಣಗಳ ಕೊನೆಯಲ್ಲಿ ಅವನಿಗೆ ಖುಷಿಯಾಗುವ ಜಾಗವೇ ಸಿಗಬೇಕು, ಓಡಾಡುವ ಮೈದಾನ, ಮೂಸಿ ನೋಡಲು ಹುಲ್ಲು, ಅವನ ಗೆಳೆಯ ನಾಯಿಯ ಮನೆ. ಕಾರು ಹತ್ತಿದಾಗೆಲ್ಲ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದಿರುವ ನಾಯಿ ಕಾರನ್ನು ಹೇಗೆ ಪ್ರೀತಿಸುತ್ತದೆ ಹೇಳಿ. ಎಲ್ಲಾ ಸೇರಿ ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ, ಜಾಸ್ತಿಯೂ ಆಗಬಹುದು. ನಡುವೆ ಒಂದು ದಿನ ಅವನು ಹಿಂಜರಿದರೆ ಬೇಜಾರಾಗಬೇಡಿ, ಹಿಂದಿನ ಹೆಜ್ಜೆಗೆ ಹೋಗಿ ಎರಡು ದಿನ ಅಲ್ಲೇ ಇರಿ.

ನಾನು ವೃತ್ತಿಗೆ ಬಂದ ಹೊಸದರಲ್ಲಿ ಇಂಥದ್ದೇ ಒಂದು ನಾಯಿ ನಮ್ಮ ಮನೆಯಲ್ಲೇ ಇತ್ತು. ಐದು ವಾರ ತಾಳ್ಮೆಯಿಂದ ಇದೆಲ್ಲ ಮಾಡಿ, ರಸ್ತೆ ತುದಿವರೆಗೆ ಹೋಗಿ ಬರುವ ಹಂತಕ್ಕೆ ತಂದಿದ್ದೆ. ಆ ವಾರ ಒಂದು ಮದುವೆ ಇತ್ತು. ಇಷ್ಟು ಚೆನ್ನಾಗಿ ಕೂರುತ್ತಾಳಲ್ಲ ಅಂತ ನಾಲ್ಕು ಗಂಟೆ ದಾರಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ವಾಂತಿ. ಮನೆಗೆ ಬಂದ ಮೇಲೆ ಅವಳು ಗೇಟಿನ ಹತ್ತಿರವೂ ಬರಲಿಲ್ಲ. ಐದು ವಾರದ ಕೆಲಸ ಒಂದೇ ದಿನದಲ್ಲಿ ಹೋಯಿತು, ಎರಡನೇ ಸಲ ಕಲಿಸಲು ನಾಲ್ಕು ತಿಂಗಳು ಬೇಕಾಯಿತು. ಅದಕ್ಕೇ ಶುರುವಿನಲ್ಲೇ ಅಷ್ಟು ಗಟ್ಟಿಯಾಗಿ ಹೇಳಿದ್ದು, ನಡುವೆ ಒಂದೂ ದೂರದ ಪ್ರಯಾಣ ಬೇಡ ಅಂತ. ತಪ್ಪಿಸಲಾಗದ ಪ್ರಯಾಣ ಬಂದರೆ ವೈದ್ಯರ ಔಷಧಿ ಕೊಟ್ಟೇ ಕರೆದುಕೊಂಡು ಹೋಗಿ.

ಮಕ್ಕಳ ವಿಷಯಕ್ಕೆ ಬರೋಣ. ಅವರ ಅಳುವನ್ನು ನೀವು ಹಠ ಅಂದುಕೊಂಡಿಲ್ಲ ಅಂತ ನಿಮ್ಮ ಪತ್ರದಲ್ಲೇ ಗೊತ್ತಾಗುತ್ತದೆ, ಅದು ಸರಿ. ಗುಂಡನನ್ನು ಬಿಟ್ಟು ಮಜಾ ಮಾಡುವುದು ಅನ್ಯಾಯ ಅಂತ ಅವರಿಗೆ ಅನ್ನಿಸುತ್ತಿದೆ. ಹಾಗಾಗಿ "ಅವನಿಗೇನೂ ಆಗಲ್ಲ, ಸುಮ್ನೆ ಬಾ" ಅಂದರೆ ಅವರು ಒಪ್ಪಲ್ಲ. ಅವರಿಗೆ ಇರುವುದನ್ನು ಇದ್ದ ಹಾಗೆ ಹೇಳಿ. ಕಾರಲ್ಲಿ ಅವನಿಗೆ ಹೊಟ್ಟೆ ತೊಳಸುತ್ತದೆ, ಅದನ್ನು ಹೇಳಲು ಅವನಿಗೆ ಮಾತು ಬರಲ್ಲ, ಅದಕ್ಕೇ ಓಡುತ್ತಾನೆ. ಅವನಿಗೆ ಕಾರು ಕಲಿಸುವ ಕೆಲಸ ನಮ್ಮೆಲ್ಲರದ್ದು. ಒಂಬತ್ತು ವರ್ಷದ ಮಗು ಚೆನ್ನಾಗಿ ಗಮನಿಸಬಲ್ಲದು. ಒಂದು ಪುಸ್ತಕ ಕೊಟ್ಟು ಇವತ್ತು ಎಷ್ಟು ಹೆಜ್ಜೆ ದೂರದಲ್ಲಿ ತಿಂದ, ಎಷ್ಟು ಸಲ ಆಕಳಿಸಿದ ಅಂತ ಬರೆಯಲು ಹೇಳಿ. ಆರು ವರ್ಷದ್ದು ತಿಂಡಿ ಚೂರು ಮಾಡಿ ಡಬ್ಬಿಗೆ ತುಂಬಲಿ. ಆದರೆ ಕಾರಿನ ಒಳಗೆ ಗುಂಡನನ್ನು ತಬ್ಬಿಕೊಂಡು ಸಮಾಧಾನ ಮಾಡುವುದು ಬೇಡ. ಹೆದರಿದ ನಾಯಿಯನ್ನು ಬಿಗಿಯಾಗಿ ಹಿಡಿದರೆ ಅದು ಕಚ್ಚುವುದೂ ಉಂಟು, ಎಷ್ಟೇ ಒಳ್ಳೆಯ ನಾಯಿಯಾದರೂ.

ನನ್ನ ಕೇಳಿದರೆ ತಿಂಗಳ ವೀಕೆಂಡುಗಳನ್ನು ಹಂಚಿಕೊಳ್ಳಿ. ಒಂದು ವೀಕೆಂಡ್ ನಿಮ್ಮದು, ದೂರ ಹೋಗಿ ಬನ್ನಿ. ಇನ್ನೊಂದು ಗುಂಡನದ್ದು. ಆ ದಿನ ಕಾರೇ ಬೇಡ. ಬೆಳಿಗ್ಗೆ ಬೇಗ ಎದ್ದು ಬುತ್ತಿ ಕಟ್ಟಿಕೊಂಡು ನಡೆದೇ ಹೋಗಿ, ಅವನು ಮೂಸಿದ ಕಡೆಯೆಲ್ಲ ನಿಲ್ಲಿ, ಅವನು ತಿರುಗಿದ ಕಡೆ ತಿರುಗಿ. ನಾಯಿಗೆ ಮೂಸುವುದು ಅಂದರೆ ನಮಗೆ ಊರು ನೋಡಿದ ಹಾಗೆ. ಒಂದು ಗಂಟೆ ಮನಸ್ಸಿಗೆ ಬಂದ ಹಾಗೆ ಮೂಸಿಕೊಂಡು ಬಂದ ನಾಯಿ ಮಧ್ಯಾಹ್ನವೆಲ್ಲ ತೃಪ್ತಿಯಾಗಿ ಮಲಗುತ್ತದೆ. ಮಕ್ಕಳಿಗೂ ಇದು ಪ್ರವಾಸವೇ.

ನೀವು ಹೋಗುವ ವೀಕೆಂಡಲ್ಲಿ ಅವನು ಅವನ ಮನೆಯಲ್ಲೇ ಇರಲಿ, ಅವನಿಗೆ ಗೊತ್ತಿರುವ ಒಬ್ಬರು ಬಂದು ಉಳಿಯಲಿ, ಅಜ್ಜಿಯೋ ಚಿಕ್ಕಪ್ಪನೋ ಸ್ನೇಹಿತರೋ. ಅದು ಆಗದಿದ್ದರೆ ಮಾತ್ರ ನಾಯಿಗಳನ್ನು ನೋಡಿಕೊಳ್ಳುವ ಜಾಗ. ಅಲ್ಲಿಯೂ ಮೊದಲು ಒಂದು ಹಗಲು ಬಿಟ್ಟು ನೋಡಿ, ಆಮೇಲೆ ಒಂದು ರಾತ್ರಿ. ಬಿಡುವ ಮೊದಲು ಹೋಗಿ ಒಳಗೆಲ್ಲ ನೋಡಲು ಬಿಡದ ಜಾಗಕ್ಕೆ ನಿಮ್ಮ ನಾಯಿಯನ್ನು ಕೊಡಬೇಡಿ. ನೀವು ಹಾಕಿಕೊಂಡು ಒಗೆಯದ ಒಂದು ಹಳೇ ಟೀ ಶರ್ಟನ್ನು ಅವನ ಹಾಸಿಗೆ ಮೇಲೆ ಇಟ್ಟು ಹೋಗಿ. ಹೊರಡುವಾಗ ಉದ್ದುದ್ದ ವಿದಾಯ ಬೇಡ.

ಮುಂದೊಂದು ದಿನ ಗುಂಡ ನಿಮ್ಮ ಜೊತೆ ಹೊರಡುತ್ತಾನಲ್ಲ, ಆ ದಿನಕ್ಕೂ ಕೆಲವು ಮಾತು. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಹೊಟ್ಟೆ ತುಂಬಾ ಊಟ ಹಾಕಬೇಡಿ, ನೀರು ಮಾತ್ರ ಆಗಾಗ ಸ್ವಲ್ಪ ಸ್ವಲ್ಪ ಕೊಡಿ. ಗಾಜು ಒಂದೆರಡು ಇಂಚು ಇಳಿಸಿ, ತಣ್ಣಗಿನ ಗಾಳಿ ಆಡಲಿ. ತಲೆ ಹೊರಗೆ ಹಾಕಲು ಮಾತ್ರ ಬಿಡಬೇಡಿ, ಗಾಳಿಯಲ್ಲಿ ಬರುವ ಕಲ್ಲಿನ ಚೂರು, ಹುಳು ಕಣ್ಣಿಗೆ ಬಡಿದು ಗಾಯವಾದ ನಾಯಿಗಳನ್ನು ನಾನು ನೋಡಿದ್ದೇನೆ. ಎರಡು ಗಂಟೆಗೊಮ್ಮೆ ಇಳಿಸಿ ಓಡಾಡಿಸಿ.

ಅವನನ್ನು ಕಾರಲ್ಲಿ ಬಿಡುಬೀಸಾಗಿ ಬಿಡಬೇಡಿ. ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಯಾವುದಕ್ಕಾದರೂ ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ, ಒಳಗಿರುವವರನ್ನು ಹಿಡಿದು ನಿಲ್ಲಿಸಲು ಅವರ ತೂಕದ ಸುಮಾರು 20 ಪಟ್ಟು ಬಲ ಬೇಕು. 22 ಕೆಜಿಯ ಗುಂಡನನ್ನು ಹಿಡಿಯಲು ನಾನೂರು ಕೆಜಿಗೂ ಹೆಚ್ಚು ಭಾರ ತಡೆಯುವ ಬಲ ಬೇಕು ಅಂದ ಹಾಗಾಯಿತು. ತೊಡೆ ಮೇಲೆ ಕೂರಿಸಿಕೊಂಡ ಮಗುವಿನ ಕೈಯಲ್ಲಿ ಅದು ಆಗುವ ಮಾತಾ? ಗಟ್ಟಿಯಾಗಿ ಕಟ್ಟಿದ ಕ್ರೇಟ್ ಇರಲಿ, ಇಲ್ಲವಾದರೆ ಎದೆಗೆ ಹಾಕುವ ಹಾರ್ನೆಸ್ ತೊಡಿಸಿ ಹಿಂದಿನ ಸೀಟಿನ ಬೆಲ್ಟಿಗೆ ಸಿಕ್ಕಿಸಿ. ಕುತ್ತಿಗೆ ಪಟ್ಟಿಗೆ ಕಟ್ಟಬೇಡಿ, ಬ್ರೇಕ್ ಹಾಕಿದಾಗ ಕತ್ತಿಗೇ ಪೆಟ್ಟು. ಏರ್‌ಬ್ಯಾಗ್ ಇರುವ ಮುಂದಿನ ಸೀಟು ಅವನ ಜಾಗ ಅಲ್ಲ.

ನಿಲ್ಲಿಸಿದ ಕಾರಲ್ಲಿ ಐದು ನಿಮಿಷವೂ ಬಿಟ್ಟು ಹೋಗಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಬಿಸಿಲಿರುವ 16 ದಿನ ನಿಲ್ಲಿಸಿದ ಕಾರಿನ ಒಳಗಿನ ಬಿಸಿಯನ್ನು ಅಳೆದರು. ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು, ಅದರಲ್ಲಿ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಹೊರಗೆ ತಂಪಾಗಿ 22 ಡಿಗ್ರಿ ಇದ್ದಾಗಲೂ ಒಳಗೆ 47ರವರೆಗೆ ಹೋಗಿತ್ತು. ಗಾಜು ಸ್ವಲ್ಪ ಇಳಿಸಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಸುತ್ತಲಿನ ಗಾಳಿಯೇ ಕಾದಿದ್ದರೆ ಅದೂ ಕೆಲಸಕ್ಕೆ ಬರಲ್ಲ. ಅದರ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ, 41 ದಾಟಿದರೆ ಜೀವಕ್ಕೇ ಅಪಾಯ. ನೆರಳಲ್ಲಿ ಕಾರು ನಿಲ್ಲಿಸಿ ಊಟಕ್ಕೆ ಹೋದ ಒಂದು ಕುಟುಂಬ ಬರುವಷ್ಟರಲ್ಲಿ ನೆರಳು ಸರಿದಿತ್ತು. ಅವರ ನಾಯಿಯನ್ನು ನನ್ನ ಮೇಜಿನ ಮೇಲೆ ತಂದು ಮಲಗಿಸಿದಾಗ ನಾನು ಮಾಡುವುದೇನೂ ಉಳಿದಿರಲಿಲ್ಲ. ಆ ಮನೆಯ ಹುಡುಗಿಯ ಮುಖ ಇನ್ನೂ ಕಣ್ಣ ಮುಂದಿದೆ. ಎಂದಾದರೂ ನಾಯಿ ಬಿಸಿಲಿಗೆ ತತ್ತರಿಸಿ ತೂರಾಡಿದರೆ ಆಸ್ಪತ್ರೆ ಹುಡುಕುತ್ತಾ ಹೊತ್ತು ಕಳೆಯಬೇಡಿ. ಮೊದಲು ಅಲ್ಲೇ ಮೈ ಪೂರ್ತಿ ನೆನೆಯುವ ಹಾಗೆ ತಣ್ಣೀರು ಸುರಿಯಿರಿ, ಗಾಳಿ ಬೀಸಿ, ಆಮೇಲೆ ಹೊರಡಿ.

ಹೊಸ ಜಾಗಕ್ಕೆ ಹೋದ ಮೊದಲ ದಿನ ನಾಯಿ ತಪ್ಪಿಸಿಕೊಂಡರೆ ಅದಕ್ಕೆ ಮನೆಯ ದಾರಿ ಗೊತ್ತಿರುವುದಿಲ್ಲ. ಆ ಎರಡು ದಿನ ಚೈನು ಕೈಯಲ್ಲೇ ಇರಲಿ, ಬೇಲಿ ಇದೆ ಅಂತ ನಂಬಬೇಡಿ. ಕುತ್ತಿಗೆ ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆ ಇರಲಿ. ಮೈಕ್ರೋಚಿಪ್ ಹಾಕಿಸಿದ್ದರೆ ತುಂಬಾ ಒಳ್ಳೆಯದು, ಆದರೆ ಚಿಪ್ ಇದ್ದರೆ ನಾಯಿ ಎಲ್ಲಿದೆ ಅಂತ ಮೊಬೈಲಲ್ಲಿ ಕಾಣುತ್ತದೆ ಅಂತ ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಅದರಲ್ಲಿರುವುದು 15 ಅಂಕಿಯ ಒಂದು ಸಂಖ್ಯೆ ಅಷ್ಟೇ. ಯಾರಾದರೂ ನಾಯಿಯನ್ನು ಹಿಡಿದು, ಸ್ಕ್ಯಾನರ್ ಇಟ್ಟು ಓದಿ, ಆ ಸಂಖ್ಯೆಯ ಜೊತೆ ನೋಂದಾಯಿಸಿದ ಫೋನಿಗೆ ಕರೆ ಮಾಡಬೇಕು. ನಿಮ್ಮ ನಂಬರ್ ಬದಲಾಗಿದ್ದರೆ ಮೊದಲು ಅದನ್ನು ಸರಿಪಡಿಸಿ. ಹುಲ್ಲು, ಪೊದೆಯಲ್ಲಿ ಓಡಾಡಿ ಬಂದ ಮೇಲೆ ಕಿವಿಯ ಹಿಂದೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ಉಣ್ಣೆ ಹತ್ತಿದೆಯಾ ಅಂತ ಕೈಯಾಡಿಸಿ ನೋಡಿ.

ಚಿಂಟು ವಿಷಯದಲ್ಲಿ ನೀವು ಅರ್ಧ ಸರಿ ಮಾಡುತ್ತಿದ್ದೀರಿ. ಬೆಕ್ಕಿಗೆ ಜನರ ಮೇಲೆ ಪ್ರೀತಿ ಇದೆ, ಆದರೆ ಅದರ ಧೈರ್ಯವೆಲ್ಲ ಜಾಗದಲ್ಲಿದೆ. ಅವನನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗದೆ ಮನೆಯಲ್ಲೇ ಬಿಡುವುದು ಒಳ್ಳೆಯ ತೀರ್ಮಾನ. ಆದರೆ ಎರಡು ದಿನ ಯಾರೂ ನೋಡದೆ ಬಿಡುವುದು ಬೇಡ. ಅದರಲ್ಲೂ ಅವನು ಗಂಡು. ಗಂಡು ಬೆಕ್ಕುಗಳ ಮೂತ್ರನಾಳ ತುಂಬಾ ಸಣ್ಣದು, ಕಲ್ಲಿನ ಪುಡಿಯೋ ಲೋಳೆಯೋ ಸಿಕ್ಕಿ ಕಟ್ಟಿಕೊಳ್ಳುವುದು ಅಪರೂಪವೇನಲ್ಲ. ಶನಿವಾರ ಬೆಳಿಗ್ಗೆ ಕಟ್ಟಿಕೊಂಡರೆ ಭಾನುವಾರ ರಾತ್ರಿ ನೀವು ಬರುವಷ್ಟರಲ್ಲಿ ಸಾಯುವ ಸ್ಥಿತಿಗೆ ಹೋಗಿರಬಹುದು. ಬೆಕ್ಕು ನೋವನ್ನು ತೋರಿಸಿಕೊಳ್ಳುವುದೂ ಇಲ್ಲ, ಒಂದು ಮೂಲೆ ಸೇರಿ ಸುಮ್ಮನಾಗುತ್ತದೆ. ಊಟ ಬಿಟ್ಟರೆ ಇನ್ನೊಂದು ಕಷ್ಟ. ದಪ್ಪಗಿರುವ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಕೊಬ್ಬು ಯಕೃತ್ತಿಗೆ ತುಂಬಿಕೊಂಡು ಅದು ಕೆಡಲು ಶುರುವಾಗುತ್ತದೆ.

ಹಾಗಾಗಿ ದಿನಕ್ಕೆ ಎರಡು ಸಲ, ಕೊನೇ ಪಕ್ಷ ಒಂದು ಸಲ, ಯಾರಾದರೂ ಬರಲೇಬೇಕು. ಬಟ್ಟಲು ತುಂಬಿಸಿ ಹೋದರೆ ಸಾಲದು, ಚಿಂಟುವನ್ನು ಕಣ್ಣಾರೆ ನೋಡಬೇಕು, ಮರಳಿನ ಟ್ರೇಯಲ್ಲಿ ಹೊಸದಾಗಿ ಒದ್ದೆಯಾಗಿದೆಯಾ ಅಂತ ನೋಡಬೇಕು. ಟ್ರೇಗೆ ಹೋಗಿ ಮುಕ್ಕುತ್ತಾ ಕೂತಿದ್ದಾನೆ, ಏನೂ ಬರುತ್ತಿಲ್ಲ ಅಂದರೆ ಆ ಕ್ಷಣವೇ ವೈದ್ಯರ ಹತ್ತಿರ ಓಡಬೇಕು, ನಿಮ್ಮ ಫೋನಿಗೆ ಕಾಯಬಾರದು. ಇದನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ ಹೋಗಿ, ವೈದ್ಯರ ನಂಬರ್ ಸಮೇತ. ನೀರು ಎರಡು ಜಾಗದಲ್ಲಿ ಇಡಿ. ಒಳಗಿನ ಬಾಗಿಲುಗಳು ಗಾಳಿಗೆ ಹಾಕಿಕೊಂಡು ಟ್ರೇ ಒಂದು ಕಡೆ, ಅವನು ಒಂದು ಕಡೆ ಆಗದ ಹಾಗೆ ಆನಿಸಿ ಇಡಿ. ಹೂದಾನಿಯಲ್ಲಿ ಲಿಲ್ಲಿ ಹೂವಿದ್ದರೆ ತೆಗೆದುಬಿಡಿ, ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಹಾಳಾಗುತ್ತದೆ. ಅವನ ಕ್ಯಾರಿಯರ್ ಅಟ್ಟದ ಮೇಲಿದ್ದರೆ ಇಳಿಸಿ, ಬಾಗಿಲು ತೆಗೆದು ಒಳಗೆ ಬಟ್ಟೆ ಹಾಸಿ, ಮನೆಯಲ್ಲಿ ಯಾವಾಗಲೂ ಅಲ್ಲೇ ಬಿದ್ದಿರಲಿ. ತುರ್ತು ಬಂದಾಗ ಬೆಕ್ಕನ್ನು ಅದರೊಳಗೆ ಹಾಕಲು ಅರ್ಧ ಗಂಟೆ ಒದ್ದಾಡುವುದು ತಪ್ಪುತ್ತದೆ. ಗುಂಡನ ಜೊತೆ ಇರಲು ಬರುವವರೇ ಚಿಂಟುವನ್ನೂ ನೋಡಿಕೊಂಡರೆ ಎರಡೂ ಕೆಲಸ ಒಟ್ಟಿಗೇ ಆಯಿತು, ಅಲ್ವಾ?

ಈ ಶನಿವಾರಕ್ಕೆ ಹೀಗೆ ಮಾಡಿ. ಶುಕ್ರವಾರ ಸಂಜೆಯೇ ಬಂದು ಉಳಿಯುವವರು ಬರಲಿ, ಗುಂಡನಿಗೆ ಅವರೇ ಊಟ ಹಾಕಲಿ. ಬೆಳಿಗ್ಗೆ ಅವನನ್ನು ಚೆನ್ನಾಗಿ ನಡೆಸಿಕೊಂಡು ಬನ್ನಿ, ಬ್ಯಾಗುಗಳು ಅಷ್ಟರೊಳಗೆ ಕಾರು ಸೇರಿರಲಿ. ಮಕ್ಕಳು ತಾವೇ ತುಂಬಿದ ತಿಂಡಿ ಡಬ್ಬಿಯನ್ನು ಅಜ್ಜಿ ಕೈಗೋ ಚಿಕ್ಕಪ್ಪನ ಕೈಗೋ ಕೊಟ್ಟು ಹೊರಡಲಿ. ಭಾನುವಾರ ರಾತ್ರಿ ನೀವು ಬಂದಾಗ ಅವನು ಬಾಲ ಆಡಿಸುತ್ತಾ ಹೊರಗೆ ಓಡಿ ಬರುತ್ತಾನೆ, ಆ ಖುಷಿಯಲ್ಲಿ ಕಾರಿನ ಹತ್ತಿರವೂ ಬರಬಹುದು. ಗೇಟು ಹಾಕಿಕೊಂಡು ಕಾರಿನ ಬಾಗಿಲು ಸ್ವಲ್ಪ ಹೊತ್ತು ತೆರೆದೇ ಬಿಡಿ. ಒಳಗೆ ಬಾ ಅಂತ ಯಾರೂ ಕರೆಯಬೇಡಿ. ಸೀಟಿನ ಅಂಚಲ್ಲಿ ತಿಂಡಿಯ ಒಂದು ಚೂರು ಇಟ್ಟು ನೀವು ಬ್ಯಾಗ್ ಇಳಿಸುತ್ತಿರಿ, ಅವನು ಮೂಸಲಿ.